ಯಾರ ಅನುಕೂಲಕ್ಕಾಗಿ?

ಮನೆ ಕಟ್ಟಿಸಿದವರೆಲ್ಲರೂ ಬಲ್ಲ ಸಂಗತಿಯೊಂದಿದೆ. ತಳಪಾಯಕ್ಕೆ ಸುರಿದ ಹಣ ಕಣ್ಣಿಗೆ ಕಾಣುವುದಿಲ್ಲ. ಗೃಹಪ್ರವೇಶಕ್ಕೆ ಬಂದ ನೆಂಟರು ಬಾಗಿಲಿನ ಕೆತ್ತನೆಯನ್ನು ಹೊಗಳುತ್ತಾರೆ, ನೆಲದ ನುಣುಪನ್ನು ಮುಟ್ಟಿ ನೋಡುತ್ತಾರೆ. ಮಣ್ಣಿನೊಳಗೆ ಹೂತುಹೋದ ಕಲ್ಲುಗಳ ಕುಶಲವನ್ನು ಯಾರೂ ವಿಚಾರಿಸುವುದಿಲ್ಲ. ಆದುದರಿಂದಲೇ ಖರ್ಚು ಉಳಿಸಬೇಕೆಂಬ ಆಸೆ ಮೊದಲು ತಲೆಯೆತ್ತುವುದೂ ಅಲ್ಲಿಯೇ. ವಿದ್ಯಾಭ್ಯಾಸದಲ್ಲಿಯೂ ಇಂತಹ ತಳಪಾಯದ ಪಾಠಗಳಿವೆ. ನಾವು ಓದಬೇಕೆಂದು ಹಂಬಲಿಸಿದ ವಿಷಯ ಅವುಗಳಲ್ಲಿ ಇರುವುದಿಲ್ಲ. ಆದರೆ ಅವುಗಳನ್ನು ದಾಟದೆ ಆ ವಿಷಯದ ಹೊಸ್ತಿಲನ್ನು ತುಳಿಯುವಂತಿಲ್ಲ. ಅಮೆರಿಕದ ಕಾಲೇಜುಗಳಲ್ಲಿ ಇವುಗಳನ್ನು ‘ಪ್ರಿರಿಕ್ವಿಸಿಟ್’ ಎನ್ನುತ್ತಾರೆ. ನಾವು ಪೂರ್ವಾರ್ಹತೆಯ ಕೋರ್ಸುಗಳೆಂದು ಕರೆಯಬಹುದು.

ನಮ್ಮ ನಾಡಿನಲ್ಲಿ ಈ ಪೂರ್ವಾರ್ಹತೆ ಬಹು ಬೇಗ, ಹದಿನಾರರ ಹರೆಯದಲ್ಲಿಯೇ, ನಿರ್ಧಾರವಾಗಿಬಿಡುತ್ತದೆ. ಪಿಯುಸಿಯಲ್ಲಿ ವಾಣಿಜ್ಯ ವಿಭಾಗವನ್ನು ಆರಿಸಿಕೊಂಡ ಹುಡುಗಿಗೆ ಮೂವತ್ತನೆಯ ವಯಸ್ಸಿನಲ್ಲಿ ಬಿ.ಎಸ್‌ಸಿ. ನರ್ಸಿಂಗ್ ಓದುವ ಮನಸ್ಸಾದರೆ, ಆಕೆ ಮತ್ತೆ ಪಿಯುಸಿಯ ಭೌತ, ರಸಾಯನ, ಜೀವಶಾಸ್ತ್ರಗಳ ಬಾಗಿಲಿಗೇ ಮರಳಬೇಕಾಗುತ್ತದೆ. ಅಮೆರಿಕದಲ್ಲಿ ವ್ಯವಸ್ಥೆ ಬೇರೆ. ಅಲ್ಲಿ ಸಮುದಾಯ ಕಾಲೇಜುಗಳೆಂಬ ಎರಡು ವರ್ಷದ ವಿದ್ಯಾಸಂಸ್ಥೆಗಳಿವೆ. 1901ರಲ್ಲಿ ಇಲಿನಾಯ್ ರಾಜ್ಯದ ಜೋಲಿಯೆಟ್ ಎಂಬ ಊರಿನಲ್ಲಿ ಆರಂಭವಾದ ಕಾಲೇಜು ಇವುಗಳ ಹಿರಿಯಕ್ಕ. ಇಂದು ದೇಶದಾದ್ಯಂತ ಇಂತಹವು ಸಾವಿರದಷ್ಟಿವೆ. ಹದಿನೆಂಟರ ಹುಡುಗನೂ ಐವತ್ತರ ಗೃಹಿಣಿಯೂ ಅಲ್ಲಿ ಒಂದೇ ಬೆಂಚಿನಲ್ಲಿ ಕುಳಿತು, ತಮಗೆ ಬೇಕಾದ ಪೂರ್ವಾರ್ಹತೆಯ ಕೋರ್ಸುಗಳನ್ನು ಒಂದೊಂದಾಗಿ ಮುಗಿಸಿಕೊಂಡು, ಮುಂದಿನ ವ್ಯಾಸಂಗಕ್ಕೆ ಅರ್ಜಿ ಹಾಕಬಹುದು. ತಡವಾಗಿ ಎಚ್ಚೆತ್ತವರನ್ನೂ ಒಳಗೆ ಬಿಟ್ಟುಕೊಳ್ಳುವ ಬಾಗಿಲು ಅದು.

ಗುರುಮಠದಲ್ಲಿ ಓದಿದ ನನ್ನಂಥವರಿಗೆ ಪೂರ್ವಾರ್ಹತೆಯೆಂಬುದು ಅಪರಿಚಿತವಲ್ಲ. ನಾಲ್ಕು ವರ್ಷದ ದೈವಶಾಸ್ತ್ರಕ್ಕೆ ಮುನ್ನ ಎರಡು ವರ್ಷ ತತ್ತ್ವಶಾಸ್ತ್ರವನ್ನು ಓದಲೇಬೇಕೆಂಬುದು ಧರ್ಮಸಭೆಯ ನಿಯಮ. ಗುರುವಾಗಬೇಕೆಂಬ ಹಂಬಲದಿಂದ ಬಂದ ಹಳ್ಳಿಯ ಹುಡುಗರಿಗೆ ತರ್ಕಶಾಸ್ತ್ರದ ಸೂತ್ರಗಳೇಕೆ ಎಂದು ನಾವು ಊಟದ ಸಾಲಿನಲ್ಲಿ ನಿಂತು ಗೊಣಗಿದ್ದುಂಟು. ಮುಂದೆ ದೈವಶಾಸ್ತ್ರದ ತರಗತಿಯಲ್ಲಿ ಕುಳಿತಾಗ, ಪದವೊಂದರ ಅರ್ಥವನ್ನು ಬಿಡಿಸಿ ನೋಡುವ ಅಭ್ಯಾಸ ನಮಗೆ ಎಲ್ಲಿಂದ ಬಂತೆಂಬುದು ತಾನಾಗಿಯೇ ತಿಳಿಯಿತು. ಪೂರ್ವಾರ್ಹತೆಯ ಪಾಠದ ಬೆಲೆ ಅದನ್ನು ಓದುವಾಗ ಗೊತ್ತಾಗುವುದಿಲ್ಲ. ಅದರ ಮೇಲೆ ಭಾರ ಬಿದ್ದಾಗ ಗೊತ್ತಾಗುತ್ತದೆ.

ನಮ್ಮ ಕಾಲದಲ್ಲಿ ಓದುವುದೋ ಬಿಡುವುದೋ ಎಂಬುದೊಂದೇ ಪ್ರಶ್ನೆಯಿತ್ತು. ಇಂದಿನವರಿಗೆ ಮತ್ತೊಂದು ಪ್ರಶ್ನೆ ಸೇರಿಕೊಂಡಿದೆ: ಕಾಲೇಜಿಗೆ ಹೋಗಿ ಓದುವುದೋ, ಮನೆಯಲ್ಲಿಯೇ ಕುಳಿತು ಅಂತರ್ಜಾಲದ ಮೂಲಕ ಓದುವುದೋ? ಈ ಪ್ರಶ್ನೆ ನನ್ನೆದುರಿಗೆ ಬಂದದ್ದು ಟೆಕ್ಸಾಸ್ ರಾಜ್ಯದಲ್ಲಿರುವ ನಮ್ಮ ಮಲೆನಾಡಿನ ಹೆಣ್ಣುಮಗಳೊಬ್ಬಳಿಂದ. ಕೆಲವು ವರ್ಷಗಳ ಹಿಂದೆ ಬೇಸಿಗೆಯ ಎರಡು ತಿಂಗಳು ಅಲ್ಲಿನ ಧರ್ಮಕೇಂದ್ರವೊಂದರಲ್ಲಿ ಸೇವೆ ಸಲ್ಲಿಸುವ ಅವಕಾಶ ನನಗೆ ದೊರೆತಿತ್ತು. ಪೂಜೆಯ ನಂತರ ಕನ್ನಡದಲ್ಲಿ ಮಾತನಾಡಿಸುತ್ತಿದ್ದ ಎರಡು ಮೂರು ಕುಟುಂಬಗಳಲ್ಲಿ ಆಕೆಯದೂ ಒಂದು. ಗಂಡ ಸಾಫ್ಟ್‌ವೇರ್ ಉದ್ಯೋಗಿ. ಮಗುವಿಗೆ ಆಗ ನಾಲ್ಕು ವರ್ಷ. ವರ್ಷದಲ್ಲಿ ಆರು ತಿಂಗಳು ಅತ್ತೆಯವರು ಬಂದು ಜೊತೆಗಿರುತ್ತಾರೆ. ಆಕೆ ಇಲ್ಲಿ ಬಿ.ಕಾಂ. ಮುಗಿಸಿದವಳು, ತಂದೆಯ ಕೊನೆಯ ದಿನಗಳಲ್ಲಿ ಆಸ್ಪತ್ರೆಯಲ್ಲಿ ದಾದಿಯೊಬ್ಬರು ತೋರಿದ ಕಾಳಜಿಯನ್ನು ಕಂಡಂದಿನಿಂದ ನರ್ಸ್ ಆಗಬೇಕೆಂಬ ಬಯಕೆಯನ್ನು ಮನಸ್ಸಿನಲ್ಲಿಯೇ ಇಟ್ಟುಕೊಂಡಿದ್ದಳು. ಇತ್ತೀಚೆಗೆ ಒಂದು ಸಂಜೆ ಫೋನ್ ಮಾಡಿ ಹೀಗೆಂದಳು: “ಫಾದರ್, ಕೊನೆಗೂ ಮನೆಯಲ್ಲಿ ಒಪ್ಪಿದ್ದಾರೆ. ಆದರೆ ಕಾಲೇಜಿಗೆ ಹೋಗುವುದು ಬೇಡ, ಎಲ್ಲವೂ ಆನ್‌ಲೈನಿನಲ್ಲೇ ಸಿಗುತ್ತದಲ್ಲ, ಎಲ್ಲರಿಗೂ ಅನುಕೂಲ ಎನ್ನುತ್ತಾರೆ. ನೀವೇನು ಹೇಳುತ್ತೀರಿ?”

ಪ್ರಿಯ ಓದುಗರೇ, ಗುರುಗಳು ಎಲ್ಲದಕ್ಕೂ ಉತ್ತರ ಬಲ್ಲರೆಂದು ನಮ್ಮ ಜನ ನಂಬುತ್ತಾರೆ. ನಾನು ಕೂಡಲೇ ಉತ್ತರ ಹೇಳಲಿಲ್ಲ. “ಮಗಳೇ, ಒಂದು ವಾರ ಸಮಯ ಕೊಡು, ನೀನೂ ಕೆಲವು ವಿಚಾರಗಳನ್ನು ತಿಳಿದುಕೊಂಡು ಬಾ” ಎಂದೆ. ಆ ವಾರದಲ್ಲಿ ನಾವಿಬ್ಬರೂ ಕಂಡುಕೊಂಡದ್ದು ಇತರರಿಗೂ ಪ್ರಯೋಜನಕ್ಕೆ ಬಂದೀತೆಂದು ಇಲ್ಲಿ ಬರೆಯುತ್ತಿದ್ದೇನೆ.

ಮೊದಲಿಗೆ ಒಂದು ಮಾತು. ಮನೆಯಲ್ಲಿ ಕುಳಿತು ಕಲಿಯುವುದನ್ನು ಕೀಳೆಂದು ಭಾವಿಸುವ ಹಕ್ಕು ಕನ್ನಡಿಗರಾದ ನಮಗಿಲ್ಲ. ಮೈಸೂರು ವಿಶ್ವವಿದ್ಯಾನಿಲಯವು 1969ರಲ್ಲಿಯೇ ಅಂಚೆ ತೆರಪಿನ ಶಿಕ್ಷಣವನ್ನು ಆರಂಭಿಸಿತು. ಅದರ ಮುಂದುವರಿಕೆಯಾಗಿ 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯ ಮೈಸೂರಿನಲ್ಲಿ ಸ್ಥಾಪನೆಯಾಯಿತು. ನಮ್ಮ ಶಾಲೆಗಳ ಎಷ್ಟೋ ಶಿಕ್ಷಕಿಯರು, ಕನ್ಯಾಮಠಗಳ ಭಗಿನಿಯರು, ಪೊಲೀಸ್ ಪೇದೆಗಳು, ಗುಮಾಸ್ತರು ರಾತ್ರಿ ದೀಪದಡಿಯಲ್ಲಿ ಆ ಪಾಠದ ಪುಸ್ತಿಕೆಗಳನ್ನು ಓದಿಯೇ ಪದವೀಧರರಾದರು. ಅಂಚೆಯಣ್ಣ ತಂದುಕೊಡುತ್ತಿದ್ದ ಆ ಕಂದು ಲಕೋಟೆ ಹಲವು ಬಡ ಮನೆಗಳ ಪಾಲಿಗೆ ವಿಶ್ವವಿದ್ಯಾನಿಲಯವೇ ಆಗಿತ್ತು. ಆದರೂ ಅಂಚೆ ಶಿಕ್ಷಣವನ್ನು ರೂಪಿಸಿದವರು ‘ಸಂಪರ್ಕ ಕಾರ್ಯಕ್ರಮ’ವೆಂಬುದೊಂದನ್ನು ಇಟ್ಟಿದ್ದರೆಂಬುದನ್ನು ನೆನಪಿಸಿಕೊಳ್ಳಿ. ವರ್ಷಕ್ಕೆ ಕೆಲವು ದಿನವಾದರೂ ವಿದ್ಯಾರ್ಥಿ ಬಂದು ಅಧ್ಯಾಪಕರ ಎದುರಿಗೆ ಕುಳಿತುಕೊಳ್ಳಲಿ ಎಂಬುದು ಅದರ ಆಶಯ. 2020ರ ಮಹಾಮಾರಿಯ ದಿನಗಳಲ್ಲಿ ಶಾಲೆಗಳು ಮುಚ್ಚಿದಾಗಲೂ ಇದೇ ಕೊರತೆ ಕಾಣಿಸಿತು. ಆ ವರ್ಷದ ಆಗಸ್ಟಿನಲ್ಲಿ ಆರಂಭವಾದ ‘ವಿದ್ಯಾಗಮ’ ಯೋಜನೆಯಲ್ಲಿ ನಮ್ಮ ಸರಕಾರಿ ಶಾಲೆಗಳ ಶಿಕ್ಷಕರು ಮಕ್ಕಳಿದ್ದಲ್ಲಿಗೇ ಹೋಗಿ, ಜಗುಲಿಗಳಲ್ಲಿ, ಮರದ ನೆರಳಿನಲ್ಲಿ ಪಾಠ ಹೇಳಿದರು. ಪಾಠ ದೂರದಿಂದ ಬರಬಹುದು. ಆದರೆ ಕಲಿಯುವವರಿಗೆ ಎಲ್ಲೋ ಒಂದು ಕಡೆ ಮನುಷ್ಯರ ಮುಖ ಬೇಕಾಗುತ್ತದೆ.

ಈಗ ಆ ಹೆಣ್ಣುಮಗಳ ವಿಚಾರಕ್ಕೆ ಬರೋಣ. ನಾವು ಮೊದಲು ಕೇಳಿಕೊಂಡ ಪ್ರಶ್ನೆ: ಈ ಕೋರ್ಸುಗಳನ್ನು ಯಾರು ಒಪ್ಪಬೇಕು? ಪೂರ್ವಾರ್ಹತೆಯ ಪಾಠವನ್ನು ಕಲಿಸುವವರೊಬ್ಬರು, ಅದನ್ನು ಲೆಕ್ಕಕ್ಕೆ ಹಿಡಿಯುವವರು ಇನ್ನೊಬ್ಬರು ಆಗಿರಬಹುದು. ನರ್ಸಿಂಗ್‌ಗೆ ಸಾಮಾನ್ಯವಾಗಿ ಅಂಗರಚನಾಶಾಸ್ತ್ರ ಮತ್ತು ಶರೀರಕ್ರಿಯಾಶಾಸ್ತ್ರದ ಎರಡು ಭಾಗಗಳು, ಸೂಕ್ಷ್ಮಜೀವಿಶಾಸ್ತ್ರ, ಮನಃಶಾಸ್ತ್ರ, ಇಂಗ್ಲಿಷ್ ಬರವಣಿಗೆ, ಅನೇಕ ಕಡೆ ಸಂಖ್ಯಾಶಾಸ್ತ್ರ ಮತ್ತು ರಸಾಯನಶಾಸ್ತ್ರ ಬೇಕಾಗುತ್ತವೆ. ಕೆಲವು ನರ್ಸಿಂಗ್ ವಿಭಾಗಗಳು ವಿಜ್ಞಾನದ ಪ್ರಯೋಗಗಳನ್ನು ಆನ್‌ಲೈನಿನಲ್ಲಿ ಮಾಡಿದರೂ ಒಪ್ಪುತ್ತವೆ, ಕೆಲವು ಒಪ್ಪುವುದಿಲ್ಲ. ಐದು ಅಥವಾ ಏಳು ವರ್ಷಕ್ಕಿಂತ ಹಳೆಯದಾದ ವಿಜ್ಞಾನದ ಅಂಕಗಳನ್ನು ತಳ್ಳಿಹಾಕುವ ವಿಭಾಗಗಳೂ ಇವೆ. ಅನುತ್ತೀರ್ಣರಾದವರು ಎಷ್ಟು ಬಾರಿ ಮತ್ತೆ ಓದಬಹುದೆಂಬುದಕ್ಕೂ ಹಲವು ಕಡೆ ಮಿತಿಯಿದೆ. ನಮ್ಮ ಮೂರು ವರ್ಷದ ಪದವಿಯನ್ನು ಅಲ್ಲಿನ ನಾಲ್ಕು ವರ್ಷದ ಪದವಿಗೆ ಸಮಾನವೆಂದು ಎಲ್ಲ ಸಂಸ್ಥೆಗಳೂ ಪರಿಗಣಿಸುವುದಿಲ್ಲವಾದ್ದರಿಂದ, ಆಕೆ ಸಮುದಾಯ ಕಾಲೇಜಿನ ಎರಡು ವರ್ಷದ ನರ್ಸಿಂಗ್ ವ್ಯಾಸಂಗವನ್ನೇ ಗುರಿಯಾಗಿಟ್ಟುಕೊಂಡಿದ್ದಳು. ಅದನ್ನು ಮುಗಿಸಿದವರೂ ನಾಲ್ಕು ವರ್ಷ ಓದಿದವರೂ ಕೊನೆಗೆ ಬರೆಯುವುದು ಎನ್‌ಕ್ಲೆಕ್ಸ್ ಎಂಬ ಒಂದೇ ಪರವಾನಗಿ ಪರೀಕ್ಷೆಯನ್ನು.

ಆದುದರಿಂದ ನಾನು ಆಕೆಗೆ ಹೇಳಿದ ಮೊದಲ ಮಾತು ಇಷ್ಟೇ: ತಾನು ಸೇರಬೇಕೆಂದಿರುವ ಎರಡು ಮೂರು ಕಾಲೇಜುಗಳ ನರ್ಸಿಂಗ್ ವಿಭಾಗಗಳಿಗೆ ಬರೆದು, ಉತ್ತರವನ್ನು ಬರವಣಿಗೆಯಲ್ಲಿಯೇ ಪಡೆಯಬೇಕು. ಶುಲ್ಕ ಕಟ್ಟಿಸಿಕೊಳ್ಳುವವರ ಭರವಸೆಯನ್ನಾಗಲಿ, ಪಕ್ಕದ ಮನೆಯವರ ಅನುಭವವನ್ನಾಗಲಿ ನೆಚ್ಚಬಾರದು. ವೀಸಾದ ವಿಷಯವೂ ಹಾಗೆಯೇ. ವಿದ್ಯಾರ್ಥಿ ವೀಸಾದಲ್ಲಿ ಹೋದವರಿಗೆ, ಪೂರ್ಣಾವಧಿ ವ್ಯಾಸಂಗದ ಲೆಕ್ಕಕ್ಕೆ ಒಂದು ಅವಧಿಯಲ್ಲಿ ಒಂದೇ ಆನ್‌ಲೈನ್ ತರಗತಿ, ಅದೂ ಮೂರು ಕ್ರೆಡಿಟ್‌ವರೆಗೆ ಮಾತ್ರ, ಸಲ್ಲುತ್ತದೆ. ಅವರ ಪಾಲಿಗೆ ಆಯ್ಕೆಯೆಂಬುದೇ ಬಹಳ ಕಿರಿದು. ಆಕೆ ಗಂಡನ ಉದ್ಯೋಗ ವೀಸಾದ ಅವಲಂಬಿತಳಾದ್ದರಿಂದ ಹೇಗೆ ಬೇಕಾದರೂ ಓದಬಹುದಿತ್ತು. ಆದರೆ ಅವಲಂಬಿತರು ದುಡಿಯಲು ಪ್ರತ್ಯೇಕ ಅನುಮತಿ ಬೇಕು. ಅಂತಹ ಅನುಮತಿಯನ್ನು ಕೆಲವರಿಗೆ ಕೊಡುವ ನಿಯಮ ಜಾರಿಗೆ ಬಂದದ್ದು 2015ರಲ್ಲಿ. ಓದು ಮುಗಿಯುವ ಹೊತ್ತಿಗೆ ತನಗೆ ಆ ಅನುಮತಿ ಇರುತ್ತದೆಯೋ ಇಲ್ಲವೋ ಎಂಬುದನ್ನು ತಿಳಿಯದೆಯೇ ಆಕೆ ಹಣವನ್ನೂ ವರ್ಷಗಳನ್ನೂ ಹೂಡಬೇಕಾಗಿತ್ತು. ಹಗುರವಾದ ನಿರ್ಧಾರವಲ್ಲ ಅದು.

ಎರಡನೆಯ ಪ್ರಶ್ನೆ ಸಮಯದ್ದು. ಆನ್‌ಲೈನ್ ಎಂದೊಡನೆ ಓದಿನ ಹೊರೆಯೇ ಅರ್ಧವಾಗುತ್ತದೆಂಬ ಭ್ರಮೆ ನಮ್ಮಲ್ಲಿ ಹಲವರಿಗಿದೆ. ಲೆಕ್ಕವನ್ನು ಸ್ವಲ್ಪ ಬಿಡಿಸಿ ನೋಡೋಣ. ಅಮೆರಿಕದ ವಾಡಿಕೆಯಂತೆ ಒಂದು ಕ್ರೆಡಿಟ್ ಎಂದರೆ ಸುಮಾರು ಹದಿನೈದು ವಾರಗಳ ಅವಧಿಯಲ್ಲಿ ವಾರಕ್ಕೆ ಒಂದು ಗಂಟೆ ಪಾಠ ಮತ್ತು ಕನಿಷ್ಠ ಎರಡು ಗಂಟೆ ಸ್ವಂತ ಅಭ್ಯಾಸ. ಅಂಗರಚನಾಶಾಸ್ತ್ರದ ಕೋರ್ಸು ಸಾಮಾನ್ಯವಾಗಿ ನಾಲ್ಕು ಕ್ರೆಡಿಟ್ಟಿನದು. ಅಂದರೆ ವಾರಕ್ಕೆ 12 ಗಂಟೆಗಳು. ಅದೇ ಕೋರ್ಸನ್ನು ಎಂಟು ವಾರಗಳಿಗೆ ಇಳಿಸಿ ಕಲಿಸುವುದೂ ಉಂಟು. ಆಗ ವಾರಕ್ಕೆ 24 ಗಂಟೆಗಳ ಸಮೀಪಕ್ಕೆ ಹೋಗುತ್ತದೆ. ಈ ಗಂಟೆಗಳು ಕಾಲೇಜಿನಲ್ಲಿ ಕುಳಿತರೂ ಅಷ್ಟೇ, ಅಡುಗೆಮನೆಯ ಮೇಜಿನ ಬಳಿ ಕುಳಿತರೂ ಅಷ್ಟೇ. ಆನ್‌ಲೈನ್ ಉಳಿಸಿಕೊಡುವುದು ಪ್ರಯಾಣದ ಸಮಯವನ್ನು, ಪೆಟ್ರೋಲಿನ ಖರ್ಚನ್ನು, ನಿಗದಿತ ಗಂಟೆಗೆ ಹೊರಡಬೇಕಾದ ಕಟ್ಟುಪಾಡನ್ನು. ಓದಿನ ಗಂಟೆಗಳನ್ನು ಅದು ಉಳಿಸುವುದಿಲ್ಲ. ಕಾಲೇಜಿಗೆ ಹೋಗುವವರ ಸಮಯವನ್ನು ಗೋಡೆಯ ಗಡಿಯಾರ ಕಾಯುತ್ತದೆ; ಮನೆಯಲ್ಲಿ ಓದುವವರು ತಮ್ಮ ಸಮಯವನ್ನು ತಾವೇ ಕಾಯಬೇಕು.

ಮೂರನೆಯ ಪ್ರಶ್ನೆ ವಿಷಯದ ಸ್ವಭಾವಕ್ಕೆ ಸಂಬಂಧಿಸಿದ್ದು. ಕೆಲವು ವಿದ್ಯೆಗಳು ಕಣ್ಣು ಮತ್ತು ಬುದ್ಧಿಯ ಮೂಲಕ ಒಳಗೆ ಬರುತ್ತವೆ. ಕೆಲವು ಕೈಗಳ ಮೂಲಕವೂ ಬರಬೇಕಾಗುತ್ತದೆ. ಸಂಖ್ಯಾಶಾಸ್ತ್ರದ ಪಾಠವನ್ನು ಧ್ವನಿಮುದ್ರಿಕೆಯಲ್ಲಿ ಕೇಳುವಾಗ ಅರ್ಥವಾಗದಿದ್ದರೆ ಹಿಂದಕ್ಕೆ ತಿರುಗಿಸಿ ಮೂರು ಬಾರಿ ಕೇಳಬಹುದು. ತರಗತಿಯಲ್ಲಿ ಮೂರು ಬಾರಿ ಕೈಯೆತ್ತಲು ನಾಚುವವರಿಗೆ ಇದು ದೊಡ್ಡ ಉಪಕಾರವೇ ಸರಿ. ಆದರೆ ಮನುಷ್ಯನ ದೇಹದ 206 ಮೂಳೆಗಳ ಹೆಸರನ್ನು ಪರದೆಯ ಮೇಲೆ ಗುರುತಿಸುವುದು ಬೇರೆ, ತಲೆಬುರುಡೆಯ ಮಾದರಿಯನ್ನು ಕೈಯಲ್ಲಿ ಹಿಡಿದು ನರಗಳು ಹಾದುಹೋಗುವ ರಂಧ್ರಗಳನ್ನು ಬೆರಳ ತುದಿಯಿಂದ ಹುಡುಕುವುದು ಬೇರೆ.

ಟೆಕ್ಸಾಸಿನ ಆ ಧರ್ಮಕೇಂದ್ರದ ಭಕ್ತರಲ್ಲೊಬ್ಬರು ಸಮುದಾಯ ಕಾಲೇಜಿನಲ್ಲಿ ಸೂಕ್ಷ್ಮಜೀವಿಶಾಸ್ತ್ರ ಕಲಿಸುತ್ತಿದ್ದರು. ಒಂದು ಮಧ್ಯಾಹ್ನ ಅವರು ನನ್ನನ್ನು ತಮ್ಮ ಪ್ರಯೋಗಶಾಲೆಗೆ ಕರೆದೊಯ್ದರು. ಡೆನ್ಮಾರ್ಕಿನ ವೈದ್ಯ ಹಾನ್ಸ್ ಕ್ರಿಶ್ಚಿಯನ್ ಗ್ರಾಮ್ 1884ರಲ್ಲಿ ಪ್ರಕಟಿಸಿದ ಬಣ್ಣ ಹಚ್ಚುವ ವಿಧಾನವನ್ನು ವಿದ್ಯಾರ್ಥಿಗಳು ಅಂದು ಕಲಿಯುತ್ತಿದ್ದರು. ಗಾಜಿನ ಪಟ್ಟಿಯ ಮೇಲಿನ ಬ್ಯಾಕ್ಟೀರಿಯಾಗಳಿಗೆ ಮೊದಲು ನೇರಳೆ ಬಣ್ಣ, ನಂತರ ಅಯೋಡಿನ್, ಆಮೇಲೆ ಆಲ್ಕೋಹಾಲಿನಿಂದ ತೊಳೆಯುವುದು, ಕೊನೆಗೆ ಕೆಂಪು ಬಣ್ಣ. ನೇರಳೆಯನ್ನು ಉಳಿಸಿಕೊಂಡವು ಒಂದು ಬಗೆ, ಕಳೆದುಕೊಂಡು ಕೆಂಪಾದವು ಇನ್ನೊಂದು ಬಗೆ. ಆಲ್ಕೋಹಾಲಿನಲ್ಲಿ ಕೆಲವೇ ಕ್ಷಣ ಹೆಚ್ಚಾಗಿ ತೊಳೆದರೂ ನೇರಳೆಯಾಗಿ ಉಳಿಯಬೇಕಾದದ್ದು ಕೆಂಪಾಗಿ ಕಾಣಿಸಿಬಿಡುತ್ತದೆ. ಒಬ್ಬ ಹುಡುಗನ ಪಟ್ಟಿ ಹಾಗೆಯೇ ಕೆಂಪಾಗಿತ್ತು. ಅಧ್ಯಾಪಕರು ಸೂಕ್ಷ್ಮದರ್ಶಕದಲ್ಲಿ ಒಮ್ಮೆ ಕಣ್ಣಿಟ್ಟು ನೋಡಿ, “ತೊಳೆಯುವಾಗ ಯಾರೊಡನೆ ಮಾತನಾಡುತ್ತಿದ್ದೆ?” ಎಂದು ನಗುತ್ತಾ ಕೇಳಿದರು. ಹುಡುಗನೂ ನಕ್ಕು ಹೊಸ ಪಟ್ಟಿಯೊಂದನ್ನು ಎತ್ತಿಕೊಂಡ. ಪಕ್ಕದಲ್ಲಿಯೇ ನಿಂತು ನೋಡುವವರೊಬ್ಬರು ಇದ್ದುದರಿಂದ ತಪ್ಪು ತಪ್ಪಾಗಿಯೇ ಉಳಿಯಲಿಲ್ಲ, ಪಾಠವಾಯಿತು.

ಆನ್‌ಲೈನ್ ಕೋರ್ಸುಗಳವರೂ ಇದನ್ನು ಅರಿಯದವರಲ್ಲ. ಪ್ರಯೋಗದ ಸಾಮಗ್ರಿಗಳನ್ನು ಪೆಟ್ಟಿಗೆಯಲ್ಲಿಟ್ಟು ಮನೆಗೆ ಕಳುಹಿಸುವುದುಂಟು. ಪರದೆಯ ಮೇಲೆಯೇ ಪ್ರಯೋಗ ಮಾಡಿಸುವುದೂ ಉಂಟು. ಪಾಠವನ್ನು ಮನೆಯಲ್ಲಿ ಕೇಳಿ ಪ್ರಯೋಗಕ್ಕೆ ಮಾತ್ರ ಕಾಲೇಜಿಗೆ ಬರುವ ಮಿಶ್ರ ವ್ಯವಸ್ಥೆಯೂ ಇದೆ. ಪರೀಕ್ಷೆಯ ವಿಷಯವನ್ನೂ ಯೋಚಿಸಬೇಕು. ಮನೆಯಲ್ಲಿಯೇ ಬರೆಯುವ ಪರೀಕ್ಷೆಯನ್ನು ಹಲವೆಡೆ ಕಂಪ್ಯೂಟರಿನ ಕ್ಯಾಮೆರಾ ಕಾಯುತ್ತದೆ. ಆ ಹೊತ್ತಿನಲ್ಲಿ ಕೋಣೆಯೊಳಗೆ ಬೇರೆ ಯಾರೂ ಬರುವಂತಿಲ್ಲ. ಎರಡು ಕೋಣೆಯ ಮನೆಯಲ್ಲಿ ನಾಲ್ಕು ವರ್ಷದ ಮಗುವಿಗೂ, ಸೊಸೆ ಬೆಳಗಿನಿಂದ ಏನೂ ತಿಂದಿಲ್ಲವೆಂದು ತಟ್ಟೆ ಹಿಡಿದು ಬರುವ ಪ್ರೀತಿಯ ಅತ್ತೆಗೂ ಈ ನಿಯಮವನ್ನು ತಿಳಿಸಿ ಹೇಳುವುದು ಎಷ್ಟು ಕಷ್ಟವೆಂಬುದನ್ನು ಸಂಸಾರಿಗಳಾದ ನೀವೇ ಬಲ್ಲಿರಿ.

ನಾಲ್ಕನೆಯ ಪ್ರಶ್ನೆ: ಕಲಿಯುವವರು ಎಂಥವರು? ಕೊಲಂಬಿಯಾ ವಿಶ್ವವಿದ್ಯಾನಿಲಯದ ಸಮುದಾಯ ಕಾಲೇಜು ಸಂಶೋಧನಾ ಕೇಂದ್ರದ ಡಿ ಷು ಮತ್ತು ಶಾನಾ ಜಾಗರ್ಸ್ ಎಂಬ ಸಂಶೋಧಕಿಯರು 2013ರಲ್ಲಿ ಒಂದು ಅಧ್ಯಯನವನ್ನು ಪ್ರಕಟಿಸಿದರು. ವಾಷಿಂಗ್ಟನ್ ರಾಜ್ಯದ 40 ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳು ಓದಿದ ಸುಮಾರು 5 ಲಕ್ಷ ಕೋರ್ಸುಗಳ ದಾಖಲೆಗಳನ್ನು ಅವರು ಪರಿಶೀಲಿಸಿದ್ದರು. ಒಟ್ಟಾರೆಯಾಗಿ ನೋಡಿದರೆ, ತರಗತಿಗೆ ಹೋಗಿ ಓದಿದ ಕೋರ್ಸುಗಳಿಗಿಂತ ಆನ್‌ಲೈನ್ ಕೋರ್ಸುಗಳನ್ನು ಅರ್ಧಕ್ಕೆ ಬಿಟ್ಟವರು ಹೆಚ್ಚು, ಪಡೆದ ಅಂಕಗಳು ಕಡಿಮೆ. ಈ ಕುಸಿತ ಎಲ್ಲರಲ್ಲಿಯೂ ಒಂದೇ ಸಮನಾಗಿರಲಿಲ್ಲ. ಗಂಡಸರಲ್ಲಿ, ಎಳೆಯ ವಯಸ್ಸಿನವರಲ್ಲಿ, ಕಪ್ಪು ಜನಾಂಗದವರಲ್ಲಿ, ಮೊದಲೇ ಓದಿನಲ್ಲಿ ಹಿಂದಿದ್ದವರಲ್ಲಿ ಅದು ಹೆಚ್ಚಾಗಿತ್ತು. ಹೆಂಗಸರೂ ವಯಸ್ಸಾದವರೂ ತಕ್ಕಮಟ್ಟಿಗೆ ಚೆನ್ನಾಗಿಯೇ ಹೊಂದಿಕೊಂಡಿದ್ದರು. ಈಗಾಗಲೇ ಹಿಂದುಳಿದವರು ಆನ್‌ಲೈನಿನಲ್ಲಿ ಇನ್ನಷ್ಟು ಹಿಂದುಳಿದರೆಂಬುದು ನಮ್ಮನ್ನು ಯೋಚನೆಗೆ ಹಚ್ಚಬೇಕಾದ ಸಂಗತಿ.

ಈ ಲೆಕ್ಕದಂತೆ ನೋಡಿದರೆ ನಮ್ಮ ಹೆಣ್ಣುಮಗಳು ಆನ್‌ಲೈನಿನಲ್ಲಿ ಓದಿಯೂ ಗೆಲ್ಲಬಲ್ಲವರ ಗುಂಪಿಗೆ ಸೇರಿದವಳು: ಮೂವತ್ತು ದಾಟಿದ, ಶ್ರದ್ಧೆಯುಳ್ಳ, ಇಲ್ಲಿ ಪ್ರಥಮ ದರ್ಜೆಯಲ್ಲಿ ಪಾಸಾದ ಹೆಂಗಸು. ಅಂಕಗಳು ಮಾತ್ರವೇ ಮುಖ್ಯವಾಗಿದ್ದರೆ ನನ್ನ ಲೇಖನ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಆ ವಾರದ ಎರಡನೆಯ ಮಾತುಕತೆಯಲ್ಲಿ ನಾನು ಆಕೆಯನ್ನು ಬೇರೊಂದು ಪ್ರಶ್ನೆ ಕೇಳಿದೆ. “ಎಲ್ಲರಿಗೂ ಅನುಕೂಲ ಎಂದೆಯಲ್ಲ ಮಗಳೇ, ಆ ಎಲ್ಲರಲ್ಲಿ ನೀನೂ ಇದ್ದೀಯಾ?”

ಫೋನಿನ ಆ ಕಡೆ ಸ್ವಲ್ಪ ಹೊತ್ತು ಮಾತಿರಲಿಲ್ಲ. ಆಮೇಲೆ ಆಕೆ ನಿಧಾನವಾಗಿ ಹೇಳಿದಳು: “ಫಾದರ್, ನಾನು ಈ ದೇಶಕ್ಕೆ ಬಂದು ಆರು ವರ್ಷವಾಯಿತು. ಇವರ ಹೆಂಡತಿ, ಮಗುವಿನ ತಾಯಿ ಎಂದು ನನ್ನನ್ನು ಗುರುತಿಸುವವರಿದ್ದಾರೆ. ನನ್ನ ಹೆಸರು ಹಿಡಿದು ಕರೆಯುವವರು ಮನೆಯ ಹೊರಗೆ ಒಬ್ಬರೂ ಇಲ್ಲ. ತರಗತಿಯಲ್ಲಿ ಹಾಜರಿ ಕರೆಯುತ್ತಾರಲ್ಲ, ಅದನ್ನು ನೆನೆದರೇ ಸಂತೋಷವಾಗುತ್ತದೆ.”

ಪ್ರಿಯ ಓದುಗರೇ, ಆಕೆಯ ಗಂಡನಾಗಲಿ ಅತ್ತೆಯಾಗಲಿ ಕೆಟ್ಟವರಲ್ಲ. ಸೊಸೆ ಓದಲೆಂದು ಮನಃಪೂರ್ವಕವಾಗಿ ಒಪ್ಪಿದವರೇ ಅವರು. ಆದರೆ ಅವರ ಕಲ್ಪನೆಯ ಓದು ಮನೆಗೆಲಸದ ನಡುವಿನ ಬಿಡುವಿನಲ್ಲಿ ಸದ್ದಿಲ್ಲದೆ ನಡೆದುಹೋಗಬೇಕಾದ ಕೆಲಸ. ಗಂಡಸು ಕಂಪ್ಯೂಟರಿನ ಮುಂದೆ ಕುಳಿತರೆ ‘ಕೆಲಸದಲ್ಲಿದ್ದಾರೆ’ ಎನ್ನುತ್ತೇವೆ. ಅದೇ ಮನೆಯಲ್ಲಿ ಹೆಂಗಸು ಕಂಪ್ಯೂಟರಿನ ಮುಂದೆ ಕುಳಿತರೆ ‘ಮನೆಯಲ್ಲೇ ಇದ್ದಾಳಲ್ಲ’ ಎನ್ನುತ್ತೇವೆ. ಹಾಲು ಉಕ್ಕಿದರೆ, ಮಗು ಅತ್ತರೆ, ಬಾಗಿಲ ಗಂಟೆ ಬಾರಿಸಿದರೆ ಏಳಬೇಕಾದವಳು ಅವಳೇ. ಪ್ರಯೋಗಶಾಲೆಯ ಬಾಗಿಲು ತಟ್ಟಿ ‘ಸಾರಿನ ಪುಡಿ ಎಲ್ಲಿಟ್ಟಿದ್ದೀಯ’ ಎಂದು ಯಾರೂ ಕೇಳುವುದಿಲ್ಲ. ಹನ್ನೆರಡು ಗಂಟೆಗಳ ಓದು ಮನೆಯಲ್ಲಿ ನಡೆಯುವಾಗ ಆ ಗಂಟೆಗಳ ಬೆಲೆಯನ್ನು ಆಕೆಯೊಬ್ಬಳೇ ತೆರುತ್ತಾಳೆ, ಅದೂ ತನ್ನ ನಿದ್ದೆಯಿಂದ. ಕಾಲೇಜಿಗೆ ಹೋದಾಗ ಅದೇ ಬೆಲೆಯನ್ನು ಮನೆಯವರೆಲ್ಲರೂ ಹಂಚಿಕೊಳ್ಳಬೇಕಾಗುತ್ತದೆ. ‘ಅನುಕೂಲ’ ಎಂಬ ನಯವಾದ ಪದದ ಹಿಂದೆ ಅಡಗಿರುವ ವ್ಯತ್ಯಾಸ ಇದೇ.

ಹಾಗೆಂದು ಆನ್‌ಲೈನ್ ಕೋರ್ಸನ್ನು ಆರಿಸಿಕೊಳ್ಳುವವರೆಲ್ಲರೂ ಮನೆಯವರ ಒತ್ತಡಕ್ಕೆ ಮಣಿದವರೆಂದು ಯಾರೂ ತಿಳಿಯಬಾರದು. ವಾರಕ್ಕೆ ಐದಾರು ರಾತ್ರಿ ವೃದ್ಧಾಶ್ರಮದಲ್ಲಿ ದುಡಿದು ಹಗಲು ಮಲಗುವವರಿಗೆ, ಹಾಸಿಗೆ ಹಿಡಿದ ತಾಯಿಯನ್ನು ಬಿಟ್ಟು ಕದಲಲಾಗದವರಿಗೆ, ನಡೆಯಲು ಕಷ್ಟಪಡುವವರಿಗೆ, ಕಾಲೇಜಿನಿಂದ ನೂರಾರು ಮೈಲಿ ದೂರದಲ್ಲಿರುವವರಿಗೆ ಆ ಪರದೆಯೇ ಬಾಗಿಲು. ಅವರಿಗೆ ‘ತರಗತಿಗೆ ಹೋಗಿ ಓದಿದರೇ ವಿದ್ಯೆ’ ಎಂದು ಬೋಧಿಸುವುದು ನಿರ್ದಯೆಯಾದೀತು. ಅವರ ನಿರ್ಧಾರದಲ್ಲಿ ಅವರ ಅನುಕೂಲವಿದೆ, ಅವರ ಬದುಕಿನ ಸತ್ಯವಿದೆ. ಒಂದೇ ಕೋರ್ಸು, ಒಂದೇ ಪರದೆ. ಒಬ್ಬರ ಪಾಲಿಗೆ ಬಿಡುಗಡೆಯಾದದ್ದು ಇನ್ನೊಬ್ಬರ ಪಾಲಿಗೆ ಮನೆಯ ಇನ್ನೊಂದು ಗೋಡೆಯಾಗಬಹುದು. ಆದುದರಿಂದ ಎಲ್ಲರಿಗೂ ಸಲ್ಲುವ ಒಂದೇ ಉತ್ತರವನ್ನು ಯಾವ ಗುರುವೂ ಯಾವ ಸಲಹೆಗಾರನೂ ಕೊಡಲಾರ.

ಕೊನೆಗೆ ಆ ಕುಟುಂಬ ಹೇಗೆ ನಿರ್ಧರಿಸಿತೆಂಬ ಕುತೂಹಲ ನಿಮಗಿರಬಹುದು. ನರ್ಸಿಂಗ್ ವಿಭಾಗಗಳಿಂದ ಬರವಣಿಗೆಯಲ್ಲಿ ಬಂದ ಉತ್ತರಗಳನ್ನು ಗಂಡ ಹೆಂಡತಿ ಜೊತೆಗೆ ಕುಳಿತು ಓದಿದರು. ಅವುಗಳಲ್ಲೊಂದು ಆನ್‌ಲೈನ್ ಪ್ರಯೋಗಗಳನ್ನು ಒಪ್ಪುವುದಿಲ್ಲವೆಂದು ಸ್ಪಷ್ಟವಾಗಿ ತಿಳಿಸಿತ್ತು. ಸಂಖ್ಯಾಶಾಸ್ತ್ರ ಮತ್ತು ಮನಃಶಾಸ್ತ್ರವನ್ನು ಆನ್‌ಲೈನಿನಲ್ಲಿ, ಅಂಗರಚನಾಶಾಸ್ತ್ರ ಮತ್ತು ಸೂಕ್ಷ್ಮಜೀವಿಶಾಸ್ತ್ರವನ್ನು ಕಾಲೇಜಿನಲ್ಲಿ ಓದುವುದೆಂದು ಗೊತ್ತುಮಾಡಿದರು. ವಾರದಲ್ಲಿ ಎರಡು ಸಂಜೆ ಗಂಡ ಬೇಗ ಮನೆಗೆ ಬಂದು ಮಗುವನ್ನು ನೋಡಿಕೊಳ್ಳಬೇಕು. ಒಂದು ಬಾರಿಗೆ ಎರಡು ಕೋರ್ಸುಗಳಿಗಿಂತ ಹೆಚ್ಚು ತೆಗೆದುಕೊಳ್ಳಬಾರದು. ಒಂದು ವರ್ಷ ತಡವಾದರೂ ಚಿಂತೆಯಿಲ್ಲ. ಅತ್ತೆಯವರು ಮೊದಲಿಗೆ ಸ್ವಲ್ಪ ಮುನಿಸಿಕೊಂಡರಂತೆ. ಬಳಿಕ ತಾವೇ, “ಎರಡು ದಿನ ಅನ್ನ ಸಾರು ನಾನು ಮಾಡಿದರೆ ನನ್ನ ಕೈಯೇನು ಸವೆಯುವುದಿಲ್ಲ” ಎಂದರಂತೆ. ಮೊದಲ ಅವಧಿ ಈಗ ನಡೆಯುತ್ತಿದೆ. ಆಕೆ ನರ್ಸ್ ಆಗುತ್ತಾಳೋ, ದುಡಿಯಲು ಅನುಮತಿ ಸಿಗುತ್ತದೆಯೋ, ಅದನ್ನು ಮುಂದಿನ ವರ್ಷಗಳೇ ಹೇಳಬೇಕು. ಸದ್ಯಕ್ಕೆ ಆಕೆಗೆ ಪ್ರಯೋಗಶಾಲೆಯಲ್ಲಿ ಮೆಕ್ಸಿಕೋ ಮೂಲದ ಜೊತೆಗಾತಿಯೊಬ್ಬಳಿದ್ದಾಳೆ. ಇಬ್ಬರೂ ಪರಸ್ಪರರ ಇಂಗ್ಲಿಷನ್ನು ತಿದ್ದಿಕೊಳ್ಳುತ್ತಾ ಮೂಳೆಗಳ ಹೆಸರನ್ನು ಬಾಯಿಪಾಠ ಮಾಡುತ್ತಾರಂತೆ. ಮುಂದೆ ರೋಗಿಯ ಪಕ್ಕದಲ್ಲಿ ನಿಂತು ಅವರ ಅರೆಮಾತನ್ನು ಅರ್ಥಮಾಡಿಕೊಳ್ಳಬೇಕಾದವರಿಗೆ ಇದೂ ಒಂದು ಪೂರ್ವಾರ್ಹತೆಯೇ, ಯಾವ ಪಟ್ಟಿಯಲ್ಲಿಯೂ ಬರೆದಿಲ್ಲವಷ್ಟೇ.

ದೂರದ ಟೆಕ್ಸಾಸಿನ ಈ ವಿಚಾರ ನಮಗೇಕೆ ಎನ್ನಬೇಡಿ. ಈ ಆಯ್ಕೆ ನಮ್ಮ ಊರುಗಳಿಗೂ ಬಂದಿದೆ. 2017ರ ಜುಲೈಯಲ್ಲಿ ಕೇಂದ್ರ ಸರಕಾರ ‘ಸ್ವಯಂ’ ಎಂಬ ಅಂತರ್ಜಾಲದ ಕಲಿಕಾ ವೇದಿಕೆಯನ್ನು ಲೋಕಾರ್ಪಣೆ ಮಾಡಿತು. ಅದರ ಕೋರ್ಸುಗಳಿಂದ ಪದವಿಯ ಕ್ರೆಡಿಟ್ಟುಗಳಲ್ಲಿ ನೂರಕ್ಕೆ 40ರಷ್ಟನ್ನು ಪಡೆಯಲು 2021ರಲ್ಲಿ ಯುಜಿಸಿ ಕಾಲೇಜುಗಳಿಗೆ ಅವಕಾಶ ನೀಡಿತು. ಅದೇ ಯುಜಿಸಿ ತನ್ನ 2020ರ ನಿಯಮಾವಳಿಯಲ್ಲಿ ವೈದ್ಯಕೀಯ, ನರ್ಸಿಂಗ್, ಔಷಧವಿಜ್ಞಾನ, ಎಂಜಿನಿಯರಿಂಗ್ ಮುಂತಾದ ಪದವಿಗಳನ್ನು ದೂರಶಿಕ್ಷಣದಲ್ಲಾಗಲಿ ಆನ್‌ಲೈನಿನಲ್ಲಾಗಲಿ ಕೊಡುವಂತಿಲ್ಲವೆಂದು ನಿರ್ಬಂಧಿಸಿದೆ. ಕೈಯಿಂದ ಕಲಿಯಬೇಕಾದ ವಿದ್ಯೆಗಳಿಗೆ ಕೈಗಳಿರುವ ಜಾಗವೇ ಬೇಕೆಂಬ ವಿವೇಕ ಅದರಲ್ಲಿದೆ. ಉಳಿದ ವಿಷಯಗಳಲ್ಲಿ ಆಯ್ಕೆ ನಿಮ್ಮದು, ನಿಮ್ಮ ಮಕ್ಕಳದು.

ಆ ದಿನ ನಿಮ್ಮ ಮನೆಗೂ ಬಂದಾಗ, ಯಾವುದು ಅಗ್ಗ, ಯಾವುದು ಸುಲಭ ಎಂದು ಕೇಳುವ ಮುನ್ನ ಕಲಿಯಬೇಕಾದ ಮಗುವನ್ನೋ ಸೊಸೆಯನ್ನೋ ಪಕ್ಕದಲ್ಲಿ ಕೂರಿಸಿಕೊಂಡು ವಿಚಾರಿಸಿ. ಈ ಕೋರ್ಸನ್ನು ಒಪ್ಪುವವರು ಯಾರು, ವಾರಕ್ಕೆ ಎಷ್ಟು ಗಂಟೆ ಬೇಕು, ವಿಷಯ ಕೈ ಬೇಡುತ್ತದೆಯೇ, ಮತ್ತು ಈ ಅನುಕೂಲ ಯಾರದು ಎಂದು ಕೇಳಿ. ಕಾಲೇಜಿಗೆ ಹೋಗುವುದೆಂದು ನಿರ್ಧಾರವಾದರೆ ಮನೆಯ ಕೆಲಸಗಳನ್ನು ಅಂದೇ ಹಂಚಿಕೊಳ್ಳಿ. ಮನೆಯಲ್ಲಿಯೇ ಓದುವುದೆಂದಾದರೆ ಒಂದು ಮೇಜನ್ನು, ಒಳಗಿನಿಂದ ಚಿಲಕವಿರುವ ಒಂದು ಕೋಣೆಯನ್ನು, ಬದಲಾಗದ ಕೆಲವು ಗಂಟೆಗಳನ್ನು ಅವರಿಗೆ ಕೊಡಿ. ಆ ಗಂಟೆಗಳಲ್ಲಿ ಬಾಗಿಲ ಗಂಟೆ ಬಾರಿಸಿದರೆ ನೀವೇ ಎದ್ದು ಹೋಗಿ ತೆರೆಯಿರಿ.